ಇಲ್ಲದ ಬೆಲ್ಲಿಗೆ ಕಾಯಂ ಅಟೆಂಡರ್

ರಾಜಾಜಿನಗರದ ಪಶ್ಚಿಮ ವಲಯ ಗಣಕ ಬಾಡಿಗೆ ನಿಗಮದಲ್ಲಿ ಇರುವುದು ಒಂದೇ ಕಂಪ್ಯೂಟರ್ ಎಂಬ ಅಂಶವನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಬಾಡಿಗೆಗೆ ಕೊಟ್ಟಿರುವುದು ನಾನೂರು. ಇದರಲ್ಲಿ ಮೋಸವೇನೂ ಇಲ್ಲ. ಆ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ನಾನೂರು ಇಲ್ಲದ ಕಂಪ್ಯೂಟರುಗಳು ಕೆಲಸ ಮಾಡುತ್ತವೆ; ಪ್ರತಿಯೊಂದೂ ತಾನು ನಿಜವಾಗಿ ಇದ್ದೇನೆಂದು ನಂಬಿಕೊಂಡಿದೆ. ಆ ನಂಬಿಕೆ ಕೆಡದಂತೆ ನೋಡಿಕೊಳ್ಳುವುದೇ ನಿಗಮದ ಸೇವೆ. ನಾನು ಇಲ್ಲಿ ಸಭೆಗಳ ನಡವಳಿ ಬರೆಯುವ ಸೂಪರಿಂಟೆಂಡೆಂಟ್. ನಡೆದದ್ದನ್ನು ನಡೆದಂತೆ ಬರೆಯುವ ಚಟ ನನಗಿಲ್ಲ, ಸಾಹೇಬರು ಹೇಳಿದಂತೆ ಬರೆಯುತ್ತೇನೆ. ಈ ಪ್ರಕರಣದಲ್ಲಿ ಮಾತ್ರ ಎರಡೂ ಒಂದೇ ಆಗಿಬಿಟ್ಟವು.

ಇಲ್ಲದ ಕಂಪ್ಯೂಟರಿಗೆ ನಂಬಿಕೆ ಉಳಿಯಬೇಕಾದರೆ ಇಲ್ಲದ ಗಡಿಯಾರ, ಇಲ್ಲದ ಡಿಸ್ಕು, ಇಲ್ಲದ ಬೆಲ್ಲು ಕೊಡಬೇಕು. ಇವನ್ನೆಲ್ಲ ಆಡಿಸುವುದು ದೊಡ್ಡ ಕಂಪ್ಯೂಟರಿನ ಒಳಮನೆಯಲ್ಲಿ ಕೂತಿರುವ ಕರ್ನಲ್ ಎಂಬ ಪ್ರೋಗ್ರಾಮು. ಅದಕ್ಕೆ ಹೇಳಿಕೇಳಲು ಗಡಿಯಾರಕ್ಕೊಂದು ಬಾಗಿಲು, ಡಿಸ್ಕಿಗೊಂದು ಬಾಗಿಲು ಎಂದು ಬಂದ ಬಂದ ಇಂಜಿನಿಯರುಗಳೆಲ್ಲ ತಂತಮ್ಮ ಬಾಗಿಲು ಕೊರೆದು, ಬೇರೆ ಕಂಪನಿ ಸೇರಿಕೊಂಡಿದ್ದರು. ಕೊನೆಗೆ ಬಾಗಿಲುಗಳೇ ಹೆಚ್ಚಾಗಿ ಗೋಡೆ ಉಳಿಯಲಿಲ್ಲ.

ಇದನ್ನು ಸರಿಪಡಿಸಲು ಆರ್‌ಪಿಸಿ ಲೇಔಟಿನ ಸ್ಪಂದನ ಎಂಬ ಇಂಜಿನಿಯರನ್ನು ತೆಗೆದುಕೊಂಡೆವು. ಅವರು ಏಕಗವಾಕ್ಷಿ ಪದ್ಧತಿ ರೂಪಿಸಿದರು. ಯಾವ ಸಾಧನವೇ ಆಗಲಿ, ಕರ್ನಲ್ ಮುಂದೆ ಒಂದೇ ಕಿಟಕಿ, ನಾಲ್ಕೇ ಕೋರಿಕೆ. ಸಾಧನವನ್ನು ಹುಟ್ಟಿಸು. ಅದಕ್ಕೊಂದು ಗುಣ ಹೊಂದಿಸು. ಹೊಂದಿಸಿದ್ದನ್ನು ತಿಳಿಸು. ನಾಲ್ಕನೆಯದು, ಹೊಂದಿಸುವ ಮೊದಲು, ಇಂಥ ಗುಣ ನಿನಗೆ ಇದೆಯೇ ಎಂದು ಕೇಳು.

ನಾಲ್ಕನೆಯದಕ್ಕೆ ಸಭೆಯಲ್ಲಿ ಆಕ್ಷೇಪ ಬಂತು. ನಮ್ಮ ವ್ಯವಸ್ಥಾಪಕ ನಿರ್ದೇಶಕರಾದ ಮೋಹನ್ ಕುಮಾರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೆಲಸ ಹೇಳೋಕ್ ಮುಂಚೆ ನಿನ್ ಕೈಲಾಗುತ್ತಾ ಅಂತ ಕೇಳೋದಾ? ಈ ಆಫೀಸಲ್ಲಿ ನನ್ನನ್ನೇ ಯಾರೂ ಕೇಳಿಲ್ಲಮ್ಮ."

"ಕೇಳ್ದೆ ಹೇಳಿದ್ರೆ ಮಿಷಿನ್ ನಿಂತೋಗುತ್ತೆ ಸಾರ್."

"ನಮ್ಮಾಫೀಸು ನಿಂತಿದ್ಯಾ?"

ನಾಲ್ಕನೇ ಕೋರಿಕೆಯನ್ನು ಮುಂದೂಡಲಾಯಿತು. ಆಮೇಲೆ ಸಾಹೇಬರು, ಈ ಬೆಲ್ಲು ಅಂದರೇನು ಎಂದು ವಿಚಾರಿಸಿದರು. ಸ್ಪಂದನ ಅಲ್ಲೇ ಎಡವಿದ್ದು. ಬಾಯಲ್ಲಿ ಹೇಳುವುದು ಬಿಟ್ಟು ಸಾಹೇಬರ ಮೇಜಿನ ಬೆಲ್ಲನ್ನೇ ಒತ್ತಿದರು. ನಮ್ಮ ಹಂಗಾಮಿ ಅಟೆಂಡರ್ ಕೊಟ್ರೇಶ್ ಕಾಫಿ ತಟ್ಟೆ ಹಿಡಿದು ಒಳಗೆ ಬಂದ.

"ಇಷ್ಟೇ ಸಾರ್. ಡಿಸ್ಕು ಬೆಲ್ ಮಾಡುತ್ತೆ, ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಏನು ಅಂತ ಕೇಳುತ್ತೆ. ಕೊಟ್ರೇಶ್ ಬರ್ತಾರಲ್ಲ, ಹಾಗೆ."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಯೂನಿಯನ್ ಅಧ್ಯಕ್ಷ ಹನುಮಂತಯ್ಯನವರು ಎಚ್ಚರಾದರು. "ಹಂಗಾದ್ರೆ ಪ್ರತಿ ಬೆಲ್ಲಿಗೂ ಒಂದು ಅಟೆಂಡರ್ ಪೋಸ್ಟ್ ಆಗ್ಬೇಕಲ್ಲ ಸಾರ್. ಬೆಲ್ ಇಟ್ಟು ಆಳು ಇಡ್ದೇ ಇರೋದನ್ನ ಬಿನ್ನಿಪೇಟೆ ಮಿಲ್ ಕಾಲದಿಂದ್ಲೂ ನಾವು ಒಪ್ಪಿಲ್ಲ."

"ಬೆಲ್ಲೇ ಇಲ್ಲ ಸಾರ್, ಅದು ಇರೋ ಥರ ತೋರ್ಸೋದು" ಎಂದರು ಸ್ಪಂದನ.

"ಸರಿ, ಅಟೆಂಡರ್‌ಗಳೂ ಇಲ್ದೇ ಇದ್ರಾಯ್ತು" ಎಂದರು ಸಾಹೇಬರು. ಅವರ ಮುಖ ಅರಳಿದ್ದನ್ನು ನಡವಳಿಯಲ್ಲಿ ನಮೂದಿಸಿಲ್ಲ.

ಹೀಗೆ ಮಿಥ್ಯಾ ಸಿಬ್ಬಂದಿ ನೇಮಕಾತಿ ನಿಯಮಗಳು ಜಾರಿಗೆ ಬಂದವು. ಅಭ್ಯರ್ಥಿಯು ಇರತಕ್ಕದ್ದಲ್ಲ. ಇಲ್ಲದಿರುವಿಕೆಯಲ್ಲಿ ಪೂರ್ವಾನುಭವವುಳ್ಳವರಿಗೆ ಆದ್ಯತೆ. ಹುದ್ದೆಯು ಕಾಯಂ, ವೇತನವು ನೈಜ. ಇಲ್ಲದವರು ಬ್ಯಾಂಕಿಗೆ ಹೋಗಿ ಸಂಬಳ ತರಲು ಆಗುವುದಿಲ್ಲವಾದ್ದರಿಂದ ಆ ತೊಂದರೆಯನ್ನು ಸಾಹೇಬರ ಭಾಮೈದ ತಮ್ಮ ಮೇಲೆ ಹಾಕಿಕೊಂಡರು. ಯೂನಿಯನ್ ಚಂದಾವನ್ನು ಹನುಮಂತಯ್ಯನವರು ಅಲ್ಲೇ ಮುರಿದುಕೊಂಡರು. ಆ ತಿಂಗಳಿಂದ ನಿಗಮದಲ್ಲಿ ಒಬ್ಬರೂ ತಡವಾಗಿ ಬಂದಿಲ್ಲ ಎಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆದೆ.

ತೊಂದರೆಯಾದದ್ದು ಕೊಟ್ರೇಶನಿಗೆ. ಅವನು ವರ್ಷಗಳಿಂದ ಹಂಗಾಮಿ. ಮೂಡಲಪಾಳ್ಯದ ಪ್ರಭಾ ಎಂಬ ಹುಡುಗಿಗೂ ಅವನಿಗೂ ಮನಸ್ಸು ಕೂಡಿತ್ತು. ಅವಳ ತಾಯಿ ಶಿವಕ್ಕ ಹಠದ ಹೆಂಗಸು. ಆಷಾಢ ಮುಗಿಯುವುದರೊಳಗೆ ಪರ್ಮನೆಂಟ್ ಆದರೆ ಸರಿ, ಇಲ್ಲವಾದರೆ ಒಬ್ಬ ಲೈನ್‌ಮನ್ ಸಂಬಂಧ ಬಂದಿದೆ, ಅದೂ ಪರ್ಮನೆಂಟ್ ಲೈನ್‌ಮನ್, ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಕೊಟ್ರೇಶ್ ಹೊಸ ಹುದ್ದೆಗೆ ಅರ್ಜಿ ಹಾಕಿದ. ತಿರಸ್ಕೃತವಾಯಿತು.

"ನಾನು ಇದೀನಿ, ಅದೇ ಪ್ರಾಬ್ಲಮ್ಮಾ ಸಾರ್?" ಎಂದು ನನ್ನನ್ನು ಕೇಳಿದ.

ಅದೇ ಎಂದೆ. ಅವನು ತಂದ ಕಾಫಿಯನ್ನು ಅಂದು ಪೂರ್ತಿ ಕುಡಿಯಲಾಗಲಿಲ್ಲ.

ಸ್ಪಂದನ ಅವರಿಗೆ ಇನ್ನೂ ಬೇಜಾರು. ಆ ಬೆಲ್ ಒತ್ತಿದ್ದು ಅವರೇ ತಾನೆ. ಮರುದಿನ ಕೊಟ್ರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಏಕಗವಾಕ್ಷಿಯನ್ನು ತೆರೆದರು. ಮೊದಲನೇ ಕೋರಿಕೆಯಲ್ಲಿ ಒಂದು ಬೆಲ್ಲಿಗೆ ಒಬ್ಬ ಅಟೆಂಡರನ್ನು ಹುಟ್ಟಿಸಿದರು. ಎರಡನೆಯದರಲ್ಲಿ ಹೆಸರು ಕೊಟ್ರೇಶ್ ಎಂದು ಹೊಂದಿಸಿದರು. ಮೂರನೆಯದರಲ್ಲಿ ಹೆಸರು ಕೇಳಿದರೆ ಕಿಟಕಿ ಕೊಟ್ರೇಶ್ ಎಂದಿತು. ಸಭೆ ಮುಂದೂಡಿದ್ದರೂ ಕಿಟಕಿಯಿಂದ ತೆಗೆದಿರದ ನಾಲ್ಕನೆಯದರಲ್ಲಿ, ಇವನಿಗೆ ದೇಹ ಎಂಬ ಗುಣ ಇದೆಯೇ ಎಂದು ಕೇಳಿದರು. ಇಲ್ಲ ಎಂದು ಉತ್ತರ ಬಂತು. ಅದನ್ನು ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟರು.

"ಸಾರ್, ಮಿಕ್ಕವರೆಲ್ಲ ಇಲ್ಲ ಅಂತ ನಮ್ಮ ಹತ್ರ ಪ್ರೂಫ್ ಇಲ್ಲ. ಇವರೊಬ್ರೇ ಇಲ್ಲ ಅಂತ ಪ್ರೂಫ್ ಇರೋದು."

ಸಾಹೇಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಈ ನಾಲ್ಕನೇದು ಪರವಾಗಿಲ್ಲ ಕಣಮ್ಮ. ಆಡಿಟ್‌ನವ್ರಿಗೆ ತೋರಿಸಬಹುದು" ಎಂದರು. ಅಂದೇ ನಾಲ್ಕನೇ ಕೋರಿಕೆಗೆ ಮಂಜೂರಾತಿ ಸಿಕ್ಕಿತು, ಮನುಷ್ಯರಿಗೆ ಕೆಲಸ ಹೇಳುವಾಗ ಇದು ಅನ್ವಯಿಸತಕ್ಕದ್ದಲ್ಲ ಎಂಬ ಷರತ್ತಿನೊಂದಿಗೆ.

ಕೊಟ್ರೇಶ್ ತಾನು ಇಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು ಕಾಯಂ ಆದ. ದಿನಾ ಬರಬೇಕು, ಕಾಫಿ ತರಬೇಕು, ಫೈಲು ಹೊರಬೇಕು. ನಾವು ಮಾತ್ರ ಅವನನ್ನು ನೋಡಬಾರದು. ಅಭ್ಯಾಸಬಲದಿಂದ ಕೆಲವರು ಥ್ಯಾಂಕ್ಸ್ ಹೇಳುತ್ತಿದ್ದರು. ಅದಕ್ಕೆ ಸುತ್ತೋಲೆ ಹೊರಟಿತು: "ಸಿಬ್ಬಂದಿಯು ಕಾಫಿಗಾಗಿ ಕೃತಜ್ಞತೆ ಸಲ್ಲಿಸಬಹುದು, ಆದರೆ ಲೋಟಕ್ಕೆ."

ಆಷಾಢ ಮುಗಿಯುವ ಹೊತ್ತಿಗೆ ಶಿವಕ್ಕನೇ ವಿಚಾರಿಸಲು ಬಂದರು. ಮಗಳ ಬದುಕು, ಬೇರೆಯವರ ಮಾತು ನಂಬುವುದುಂಟೇ. ಸಾಹೇಬರ ಎದುರು ಸೆರಗು ಹೊದ್ದು ಕೂತರು.

"ಕೊಟ್ರೇಶಿ ಅಂತ, ನಮ್ ಕಡೆ ಹುಡುಗ. ಇಲ್ಲೇ ಅದಾನಂತಲ್ರೀ?"

"ಆ ಹೆಸರಿನವರು ಇಲ್ಲಿ ಇಲ್ಲಮ್ಮ" ಎಂದರು ಸಾಹೇಬರು, ಮತ್ತು ಬೆಲ್ ಒತ್ತಿದರು. ಕೊಟ್ರೇಶ್ ಬಂದು ಶಿವಕ್ಕನ ಮುಂದೆ ಕಾಫಿ ಇಟ್ಟ. ನಾನು ನಿಯಮದಂತೆ ಕಿಟಕಿಯ ಕಡೆ ನೋಡುತ್ತ, ಇಲ್ಲದ ಮನುಷ್ಯನ ಪರವಾಗಿ ಇರುವ ದೇವರನ್ನೆಲ್ಲ ನೆನೆದೆ.

"ಇವ ಯಾರ್ರೀ ಮತ್ತ?"

"ಯಾರು?" ಎಂದರು ಸಾಹೇಬರು.

ಶಿವಕ್ಕ ಕೊಟ್ರೇಶನನ್ನು ನೋಡಿದರು, ಸಾಹೇಬರನ್ನು ನೋಡಿದರು, ಕಾಫಿಯನ್ನು ಒಂದು ಗುಟುಕು ಕುಡಿದರು. ಅಷ್ಟೂ ಕೇಳಿದ ಮೇಲೆ ಸರ್ಕಾರಿ ಕಚೇರಿಗಳನ್ನು ಅಲೆದ ಹಳೇ ಅನುಭವ ಅವರ ನೆರವಿಗೆ ಬಂದಿರಬೇಕು.

"ಈ ಇಲ್ಲದವಂಗೆ ಪಗಾರ ಐತೇನ್ರೀ?"

"ಇದೆ. ಪರ್ಮನೆಂಟು."

"ರಿಟೈರ್ ಯಾವಾಗ್ರೀ?"

ಸಾಹೇಬರು ಯೋಚಿಸಿದರು. ಈ ಪ್ರಶ್ನೆಗೆ ನಿಯಮ ಬರೆದಿರಲಿಲ್ಲ. "ಇಲ್ದೋರಿಗೆ ವಯಸ್ಸಾಗಲ್ಲಮ್ಮ" ಎಂದರು.

ಶಿವಕ್ಕ ಲೋಟ ಖಾಲಿ ಮಾಡಿ ಎದ್ದರು. "ಆ ಲೈನ್‌ಮನ್ ಹುಡುಗ ಈಗೇನೋ ಅದಾನೆ. ಕಂಬ ಹತ್ತಿದ ಮ್ಯಾಲೆ ಇರ್ತಾನೋ ಇಲ್ಲೋ ಯಾರಿಗ್ಗೊತ್ತು. ಇವ ಹೆಂಗೂ ಇಲ್ಲ, ಇನ್ನೇನೂ ಆಗಂಗಿಲ್ಲ. ಶ್ರಾವಣದಾಗೆ ಮುಗಿಸಿಬಿಡಾಣ."

ಮದುವೆ ವಿಜಯನಗರದ ಛತ್ರದಲ್ಲಿ ನಡೆಯಿತು. ನಾವೆಲ್ಲ ಹೋಗಿದ್ದೆವು. ನಿಯಮ ಮೀರದಂತೆ ವಧುವಿನ ತಲೆಯ ಮೇಲೆ ಮಾತ್ರ ಅಕ್ಷತೆ ಹಾಕಿ ಊಟಕ್ಕೆ ಕೂತೆವು. ಹೋಳಿಗೆ ಚೆನ್ನಾಗಿತ್ತು. ಸ್ಪಂದನ ಮಾತ್ರ ಎಲ್ಲರೂ ನೋಡುತ್ತಿರುವಂತೆಯೇ ವರನ ತಲೆಯ ಮೇಲೂ ಒಂದು ಹಿಡಿ ಹಾಕಿದರು. ಮರುದಿನವೇ ಅವರಿಗೆ ಮೆಮೊ ಹೋಯಿತು. ಇಲ್ಲದವರಿಗೆ ಮದುವೆ ರಜೆ ಅನ್ವಯಿಸದ ಕಾರಣ ಅದನ್ನು ಅವರ ಮೇಜಿಗೆ ತಲುಪಿಸಲು ಯಾವ ಅಡಚಣೆಯೂ ಆಗಲಿಲ್ಲ. ತಂದುಕೊಟ್ಟ ಕೈಗೆ ಇನ್ನೂ ಕಂಕಣ ಇತ್ತೆಂದು ಹೇಳುವವರಿದ್ದಾರೆ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.