ಹಿತ್ತಲ ಶೆಡ್ಡಿನ ಲೇತ್ ಮಹಾಶಯರ ಸನ್ನಿಧಾನಕ್ಕೆ

ಮಾನ್ಯರೇ,

ಮೂವತ್ತು ವರ್ಷ ಮರವನ್ನು ಗರಗರ ತಿರುಗಿಸಿ ಊರಿನ ಮಂಚಗಳಿಗೆಲ್ಲ ಕಾಲು ಕೊಟ್ಟು, ಆಮೇಲೆ ಆರು ವರ್ಷ ತುಕ್ಕು ಹೊದ್ದು ವಿಶ್ರಮಿಸಿದ ತಮ್ಮ ಎರಕದ ಪಾದಗಳಿಗೆ ಈ ಮನೆಯ ಕಿರಿಯ ಸೊಸೆ, ವೃತ್ತಿಯಲ್ಲಿ ದರ್ಜಿಯಾದ ನಾನು, ಸೀಮೆಎಣ್ಣೆ ನಾರುವ ಕೈಗಳಿಂದಲೇ ನಮಸ್ಕರಿಸಿ ಬರೆದುಕೊಳ್ಳುವ ದೂರು.

ತಮ್ಮ ಒಡೆಯರಾದ ನನ್ನ ಮಾವನವರು ಬಲಗೈಗೆ ಲಕ್ವ ಹೊಡೆದ ಮೇಲೆ ನಾಲ್ಕು ತಿಂಗಳಿಂದ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಕೈಗೆ ಕೆಲಸ ಕೊಡದಿದ್ದರೆ ಇರುವ ಶಕ್ತಿಯೂ ಹೋಗುತ್ತದೆಂದು ಡಾಕ್ಟರು ಹೆದರಿಸಿದ್ದರಿಂದ, ತಮ್ಮ ಸದ್ದು ಕೇಳಿದರಾದರೂ ಎದ್ದು ಬಂದಾರೆಂಬ ಆಸೆಗೆ ನಾನು ಸ್ಪ್ಯಾನರ್ ಹಿಡಿದೆ. ತಮ್ಮ ಸಹಕಾರವನ್ನು ಎಷ್ಟು ಹೊಗಳಿದರೂ ಸಾಲದು. ಒಂದು ನಟ್ಟು ಬಿಟ್ಟುಕೊಡಲು ಮೂರು ದಿನ ತೆಗೆದುಕೊಂಡಿರಿ, ಬಿಟ್ಟ ಕ್ಷಣವೇ ನನ್ನ ಗೆಣ್ಣಿನ ಚರ್ಮವನ್ನೂ ತೆಗೆದುಕೊಂಡಿರಿ. ನನ್ನ ಗಂಡ ಎನಿಸಿಕೊಂಡ ಯಜಮಾನರು ಬಾಗಿಲಲ್ಲೇ ನಿಂತು, "ಗುಜರಿಯವನಿಗೆ ಕೊಡೋದು ಬಿಟ್ಟು ಇದಕ್ಕೇನೇ ಇಷ್ಟು ಸೇವೆ?" ಎಂದು ಕೇಳಿ ಹೋದರು, ಅವರ ಸಹಾಯ ಅಲ್ಲಿಗೆ ಮುಗಿಯಿತು.

ತಮ್ಮ ಬೇರಿಂಗಿನ ಅಡಿಯಲ್ಲಿ ಹಳೇ ಚಪ್ಪಲಿಯ ಚರ್ಮದ ತುಂಡೊಂದು ಸಿಕ್ಕಿತು. ಬಟ್ಟೆಯಲ್ಲಿ ಒಂದೆಳೆ ದಾರ ಹೊರಗೆ ಕಂಡರೂ ಕತ್ತರಿಸಿ ಎಸೆಯುವ ದರ್ಜಿಯ ಬುದ್ಧಿ ನನ್ನದು. ಕಸವೆಂದು ಬುಟ್ಟಿಗೆ ಹಾಕಿದೆ.

ಮೊನ್ನೆ ಬೆಳಿಗ್ಗೆ ಸ್ವಿಚ್ ಹಾಕಿದಾಗ ತಾವು ತಿರುಗಿದಿರಿ, ಬಹಳ ಸಂತೋಷ. ಆದರೆ ಜ್ವರ ಬಂದವರ ಹಾಗೆ ಗಡಗಡ ನಡುಗಿ, ಮಾಡಿನ ತಗಡನ್ನೆಲ್ಲ ಕುಣಿಸಿ, ನಿಂತ ಜಾಗದಿಂದ ಬಾಗಿಲ ಕಡೆಗೆ ಒಂದು ಗೇಣು ನಡೆದೂ ಬಂದಿರಿ. ನೋಡಿದರೆ ಅದೇ ಬಾಗಿಲಲ್ಲಿ, ಗೋಡೆ ಹಿಡಿದು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮಾವ! "ಯಾರೇ ಅದು ಚರ್ಮ ತೆಗೆದಿದ್ದು? ನಡುಗಬಾರ್ದು ಅಂತ ನಾನೇ ಇಟ್ಟಿದ್ದೆ ಅದನ್ನ! ತಲೇಲಿ ಬುದ್ಧಿ ಇದೆಯಾ ನಿಂಗೆ?" ನನ್ನ ಶುಶ್ರೂಷೆಗೂ ಡಾಕ್ಟರ ಮಾತ್ರೆಗೂ ಆಗದ್ದನ್ನು ತಾವು ಬರೀ ನಡುಗಿ ಸಾಧಿಸಿದಿರಿ, ಹೆಸರು ತಮಗೆ, ಬೈಗುಳ ನನಗೆ. ಅಷ್ಟು ಸಿಹಿಯಾದ ಬೈಗುಳವನ್ನು ಈ ಮನೆಯಲ್ಲಿ ನಾನು ಕೇಳಿಯೇ ಇರಲಿಲ್ಲ, ನಿಂತಲ್ಲೇ ಅತ್ತುಬಿಟ್ಟೆ.

ನಿನ್ನೆ ಅವರು ಎಡಗೈಯಲ್ಲಿ ಹೊಸ ಚರ್ಮ ಕತ್ತರಿಸಿ, ಬಲಗೈಯ ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿ, ತಮ್ಮ ನಡುಕ ಬಿಡಿಸಿದರು. ತಾವೋ, ಆಗಿನಿಂದ ಬೆಣ್ಣೆಯಂತೆ ತಿರುಗುತ್ತಿದ್ದೀರಿ. ನನ್ನ ಅಸಲು ದೂರು ಇದೇ ನೋಡಿ! "ಮರ ಕಡೆಯೋಕೆ ಎರಡು ಕೈ ಬೇಕಮ್ಮ," ಎಂದು ಹೇಳಿ ಮಾವ ಮತ್ತೆ ಕೋಣೆ ಸೇರಿ ಗೋಡೆ ನೋಡುತ್ತಿದ್ದಾರೆ. ಆದಕಾರಣ ತಾವು ದಯಮಾಡಿ ದಿನಕ್ಕೊಂದು ಬಗೆಯಲ್ಲಿ ಕೆಡತಕ್ಕದ್ದು; ಸೋಮವಾರ ಬೆಲ್ಟು ಜಾರಲಿ, ಮಂಗಳವಾರ ಮೋಟಾರು ಮುನಿಯಲಿ, ಭಾನುವಾರದ ರಜೆಯನ್ನಂತೂ ಕೇಳಲೇಬೇಡಿ.

ತಮ್ಮ ವಿಶ್ವಾಸಿ, ಬೇರೆ ಗತಿಯಿಲ್ಲದೆ,
ಬುದ್ಧಿಯಿಲ್ಲದ ಕಿರಿಸೊಸೆ

ವಿ.ಸೂ.: ತಾವಾಗಿ ಕೆಡುವ ಮನಸ್ಸಿಲ್ಲದಿದ್ದರೆ ಚಿಂತೆ ಬೇಡ. ತಮ್ಮ ಹೊಟ್ಟೆಯೊಳಗಿನ ಒಂದೊಂದು ನಟ್ಟೂ ಈಗ ನನಗೆ ಗೊತ್ತು. ನಾಳೆ ಬೆಳಿಗ್ಗೆ ಅವುಗಳಲ್ಲಿ ಒಂದು ಸಡಿಲವಾಗಿರುತ್ತದೆ, ಬೈಸಿಕೊಳ್ಳಲು ನಾನು ಪಕ್ಕದಲ್ಲೇ ನಿಂತಿರುತ್ತೇನೆ.