ಕಾಂಪೋಸ್ಟ್ ಪೆಟ್ಟಿಗೆಯಲ್ಲಿ ಪಾಪಾಸುಕಳ್ಳಿ

ಕತ್ತರಿಸಿದ ಪಾಪಾಸುಕಳ್ಳಿಯನ್ನು ಇಕ್ಕಳದಲ್ಲಿ ಹಿಡಿಯಬೇಕು, ಸಣ್ಣಗೆ ಹೆಚ್ಚಬೇಕು, ಕಾಂಪೋಸ್ಟ್ ರಾಶಿಯ ನಟ್ಟನಡುವೆ ಹೂಳಬೇಕು. ಇಡೀ ತುಂಡನ್ನು ಎಸೆದರೆ ಕೊಳೆಯುವುದಿಲ್ಲ, ಬೇರು ಬಿಡುತ್ತದೆ. ತೊಂಬತ್ತರ ದಶಕದಲ್ಲಿ, ಅಮೆರಿಕದ ಕ್ಯಾರಿ ಊರಿನ ನಮ್ಮ ಟೌನ್‌ಹೌಸ್ ಸಾಲಿನ ಪ್ರತಿ ಮನೆಗೂ ಹೋಗಿ ಇದನ್ನು ಹೇಳಿದ್ದೆ. ಎಲ್ಲರೂ ಓದಿದವರು, ಆದ್ದರಿಂದ ಯಾರೂ ಕೇಳಲಿಲ್ಲ. ನಮ್ಮ ಹಿತ್ತಲಲ್ಲಿ ಇಡೀ ಸಾಲಿಗೆಂದು ಕಾಂಪೋಸ್ಟ್ ಪೆಟ್ಟಿಗೆ ಇಡಲು ಮನೆಮಾಲೀಕರ ಅಸೋಸಿಯೇಶನ್ನಿನ ಅಧ್ಯಕ್ಷೆಯನ್ನು ಒಪ್ಪಿಸುವುದಕ್ಕೆ ನಾನು ಒಂದಿಡೀ ಚಳಿಗಾಲ ಅಲೆದಿದ್ದೆ. ಅವರ ಷರತ್ತು ಒಂದೇ: ರಾಶಿಯಲ್ಲಿ ಗಿಡ ಎದ್ದರೆ ಪೆಟ್ಟಿಗೆ ಎತ್ತಿಸುತ್ತೇನೆ.

ನಮಸ್ಕಾರ

ಪಕ್ಕದ ಮನೆಯ ಸಾಫ್ಟ್‌ವೇರ್ ಇಂಜಿನಿಯರ್ ಬರಿಗೈಯಲ್ಲೇ ಕಳ್ಳಿಯ ತುಂಡುಗಳನ್ನು ಹೊತ್ತು ತಂದ.

"ಇಕ್ಕಳ ಎಲ್ಲಪ್ಪ?"

"ಇದ್ರಲ್ಲಿ ಮುಳ್ಳೇ ಇಲ್ಲ ಸರ್. ಚೆಕ್ ಮಾಡಿದೀನಿ."

ದೊಡ್ಡ ಮುಳ್ಳು ಇರಲಿಲ್ಲ, ನಿಜ. ಕೂದಲಿನಂಥವು ಇದ್ದವು, ಅಂಗೈ ತುಂಬ ನಾಟಿಕೊಂಡವು. ಟೇಪು ಅಂಟಿಸಿ ಎಷ್ಟು ಕಿತ್ತರೂ ಮುಗಿಯಲಿಲ್ಲ. ಆ ವಾರದ ಹಬ್ಬದೂಟದಲ್ಲಿ ಹಿರಿಯರಿಗೆಲ್ಲ ಅಂಗೈ ಅಗಲಿಸಿಕೊಂಡೇ ನಮಸ್ಕಾರ ಮಾಡಿದ.

"ಗ್ರೀನ್ ಕಾರ್ಡ್ ಬಂದಿರಬೇಕು," ಅಂದರು ಒಬ್ಬ ಆಂಟಿ. "ಕೈ ಮುಗಿಯೋದೂ ಭಾರ ಆಗಿದೆ."

ದೃಷ್ಟಿ

ಸಾಲಿನ ಇನ್ನೊಂದು ಮನೆಯಾಕೆ ರಾಶಿಯಿಂದಲೇ ಒಂದು ತುಂಡು ಎತ್ತಿಕೊಂಡು ಹೋಗಿ, ಕಪ್ಪು ದಾರ ಕಟ್ಟಿ ಬಾಗಿಲಿಗೆ ತೂಗುಹಾಕಿದರು. ಹೊಸ ಮಿನಿವ್ಯಾನಿಗೆ ದೃಷ್ಟಿ ತಾಗಬಾರದಂತೆ. ನೀರಿಲ್ಲ, ಮಣ್ಣಿಲ್ಲ, ಆದರೂ ತುಂಡು ಮರಿ ಹಾಕಿತು.

"ಅದನ್ನು ಹೆಚ್ಚಿ ಹೂಳಬೇಕಿತ್ತಮ್ಮ," ಅಂದೆ.

"ಮುಟ್ಟಬೇಡಿ ಸರ್. ಪಕ್ಕದ ಮನೆಯವರ ಕಣ್ಣು ಎಂಥದ್ದು ಅಂತ ಈಗ ಗೊತ್ತಾಯ್ತು. ಆ ದೃಷ್ಟಿಯನ್ನೇ ತಿಂದು ಹೇಗೆ ಬೆಳೆದಿದೆ ನೋಡಿ."

ಅವರ ಪಕ್ಕದ ಮನೆ ನಮ್ಮದು.

ರಿಬ್ಬನ್

ಸಾಲಿನ ಮುಂದೆ ಅಂದಕ್ಕೆಂದು ಈ ಕಳ್ಳಿ ನೆಟ್ಟವರು ನಿವೃತ್ತ ಡಾಕ್ಟರು, ನಮಗೆಲ್ಲ ಹಿರಿಯರು. ಕತ್ತರಿಸಿದ್ದನ್ನು ಇಡಿಯಾಗಿಯೇ ರಾಶಿಯ ಮೇಲೆ ಎಸೆಯುತ್ತಿದ್ದವರೂ ಅವರೇ. "ಕೊಳೆಯೋದು ಹೇಗೆ ಅಂತ ನೇಚರ್‌ಗೆ ನೀನು ಹೇಳಿಕೊಡಬೇಕಾಗಿಲ್ಲಯ್ಯ," ಅನ್ನುತ್ತಿದ್ದರು. ನಾನು ಆಫೀಸಿನ ಕೆಲಸಕ್ಕೆ ಕೆಲವು ತಿಂಗಳು ಬೇರೆ ರಾಜ್ಯದ ಹರ್ನ್‌ಡನ್ನಿನಲ್ಲಿದ್ದು ವಾಪಸು ಬರುವಷ್ಟರಲ್ಲಿ ಪೆಟ್ಟಿಗೆಯ ತುಂಬ ಕಳ್ಳಿ, ಕಳ್ಳಿಯ ತುಂಬ ಹಳದಿ ಹೂ.

ಮರುದಿನವೇ ಅಧ್ಯಕ್ಷೆ ಬಂದರು, ಕೈಯಲ್ಲಿ ಅತ್ಯುತ್ತಮ ತೋಟಕ್ಕೆ ಕೊಡುವ ನೀಲಿ ರಿಬ್ಬನ್. ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಎಷ್ಟು ಚೆಂದ, ಇದು ನಿಮ್ಮ ಕ್ಯಾಕ್ಟಸ್ ಗಾರ್ಡನ್ನೇ, ಎಂದು ಕೇಳಿದರು.

ಪಕ್ಕದಲ್ಲಿ ನಿಂತಿದ್ದ ಡಾಕ್ಟರು ಅಧ್ಯಕ್ಷೆಗೆ ತಿಳಿಯದಂತೆ ಕನ್ನಡದಲ್ಲಿ ಪಿಸುಗುಟ್ಟಿದರು: "ಹೌದು ಅನ್ನಯ್ಯ. ರಿಬ್ಬನ್ನೂ ಬರುತ್ತೆ, ಪೆಟ್ಟಿಗೇನೂ ಉಳಿಯುತ್ತೆ."

"ಅಲ್ಲ," ಅಂದೆ ಅಧ್ಯಕ್ಷೆಗೆ. "ಇದು ಕಾಂಪೋಸ್ಟ್."

ಅವರ ಮುಖ ಬಿಗಿಯಾಯಿತು. ಹಾಗಾದರೆ ಇದರಲ್ಲಿ ಗಿಡ ಯಾಕಿದೆ, ಎಂದರು.

"ಸ್ವಲ್ಪ ಹೊತ್ತು ನಿಲ್ಲಿ, ಇರುವುದಿಲ್ಲ."

ಒಳಗಿನಿಂದ ಇಕ್ಕಳ, ಚಾಕು, ಮಣೆ ತಂದು ಹುಲ್ಲಿನ ಮೇಲೆ ಕೂತೆ. ಅಧ್ಯಕ್ಷೆ ರಿಬ್ಬನ್ ಹಿಡಿದುಕೊಂಡು ನಿಂತೇ ಇದ್ದರು.

"ಹೂ ಬಿಟ್ಟಿದೆ ಕಣಯ್ಯ," ಅಂದರು ಡಾಕ್ಟರು, ಮೆಲ್ಲಗೆ.

ಹೂವನ್ನೂ ಸಣ್ಣಗೆ ಹೆಚ್ಚಿದೆ.