ಹೆಂಗಸರನ್ನು ಲೆಕ್ಕಕ್ಕೇ ಇಡದ ಬಬೂನ್ ಮಹಾಶಯರಿಗೆ

ಬಬೂನ್ ಬಳಗದ ಹಿರಿಯ ಯಜಮಾನರಿಗೆ,
ದೊಡ್ಡ ಬಂಡೆಯ ಮೇಲ್ತುದಿ,
ತೈತಾ ಬೆಟ್ಟದ ಬುಡ.

ಮಾನ್ಯರೇ,

ತಮಗೂ, ತಮ್ಮ ಮಡದಿಯರಿಗೂ, ಅವರ ಬೆನ್ನೇರಿ ಸವಾರಿ ಹೊರಡುವ ಮರಿಗಳಿಗೂ, ನನ್ನ ಮುಸುಕಿನ ಜೋಳ ತಿಂದು ಮೈಕೈ ತುಂಬಿಕೊಂಡಿರುವ ತಮ್ಮ ಸಮಸ್ತ ಪರಿವಾರಕ್ಕೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ನಾಲ್ಕು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ಆರೂವರೆಗೆ ತಮ್ಮ ಹೊಟ್ಟೆಯನ್ನು ಕಣ್ಣಾರೆ ನೋಡುತ್ತಿದ್ದೇನೆ.

ತಾವು ಮಾತ್ರ ನನ್ನನ್ನು ನೋಡಿಲ್ಲ. ಈ ಪತ್ರದ ದೂರೇ ಅದು. ತಮ್ಮ ಬಂಡೆಯ ಎದುರಿನ ಒಂದು ಎಕರೆ ಹೊಲದಲ್ಲಿ ಗುದ್ದಲಿ ಬೀಸುತ್ತ, ತಗಡಿನ ಡಬ್ಬ ಬಡಿಯುತ್ತ, ಗಂಟಲು ಹರಿಯುವಂತೆ ಅರಚುವ ಆ ಹೆಂಗಸು ನಾನೇ. ಹೆಸರು ವಾಕೇಶೊ. ಮೊಂಬಾಸಾದ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೊನೆಯ ಹದಿಮೂರು ವರ್ಷ ಹೆಡ್‌ಮಿಸ್ಸಾಗಿದ್ದವಳು. ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಮೀಸೆ ಚಿಗುರಿದ ಹುಡುಗರೂ ಅಂಗಿಯನ್ನು ಚಡ್ಡಿಯೊಳಗೆ ತುರುಕಿಕೊಳ್ಳುತ್ತಿದ್ದರು. ತಾವು ತಿನ್ನುತ್ತಿದ್ದ ತೆನೆಯನ್ನೂ ಕೆಳಗಿಡಲಿಲ್ಲ.

ನಾವು ಇಲ್ಲಿಗೆ ಬಂದ ಬಗೆಯನ್ನು ತಮ್ಮ ಗಮನಕ್ಕೆ ತರಬೇಕು. ನನ್ನ ಪತಿ ಮಘಂಗಾ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ನಿವೃತ್ತರಾದ ಗಂಡಹೆಂಡಿರು ಹಳ್ಳಿಯಲ್ಲಿ ಹೊಲ ಕೊಂಡು ಚಟುವಟಿಕೆಯಿಂದಿದ್ದರೆ ಮೊಣಕಾಲು ನೋವೂ ಮಂಗಮಾಯವಾಗುತ್ತದೆ ಎಂದು ಪತ್ರಿಕೆಯಲ್ಲಿ ಓದಿ, ಹೊಲ ನೋಡುವುದಕ್ಕೂ ಮೊದಲೇ ರಬ್ಬರ್ ಬೂಟು, ಅಗಲ ಟೋಪಿ ಕೊಂಡುತಂದವರು ಅವರೇ. ನಾನು ಪತ್ರಿಕೆ ಓದಿ ಬಂದವಳಲ್ಲ. ಚಾಕ್‌ಪೀಸಿನ ಪುಡಿ ಕುಡಿದ ಆ ಅಷ್ಟೂ ವರ್ಷ, ನನ್ನ ಕೈಯಿಂದ ಬಿತ್ತಿದ್ದನ್ನು ನಾನೇ ಬೇಯಿಸಿ ತಿನ್ನಬೇಕೆಂಬ ಆಸೆಯನ್ನು ಯಾರಿಗೂ ಹೇಳದೆ ಸಾಕಿಕೊಂಡಿದ್ದೆ. ಹೊಲದ ಪತ್ರವೂ ನನ್ನ ಹೆಸರಿನಲ್ಲೇ ಆಯಿತು.

ಹೊಲ ಮಾರಿದವರು ಮ್ವಾದಿಮೆ ಅಜ್ಜ. ಇಲ್ಲಿ ಹೊಲ ಕೈ ಬದಲಾದ ದಿನ ಊರ ಹಿರಿಯರೆಲ್ಲ ಸೇರಿ ಹೊಸ ಒಡೆಯರನ್ನು ಮುಂದಿಟ್ಟುಕೊಂಡು ಗಡಿಯ ಸುತ್ತ ಒಂದು ಸುತ್ತು ನಡೆಯುವ ಪದ್ಧತಿ ಉಂಟು. ಅಂದು ಎಂಟು ಗಂಡಸರು ನಡೆದರು. ಮುಂದೆ ನನ್ನ ಪತಿ, ಹಿಂದೆ ಅಜ್ಜ, ಉಳಿದವರು ಕಬ್ಬಿನ ಹೆಂಡದ ಸೋರೆಬುರುಡೆ ಹಿಡಿದುಕೊಂಡು ಹಾಡುತ್ತ. ಹೊಲದ ಒಡತಿಯಾದ ನಾನು ಮಾವಿನ ಮರದಡಿ ಮರಗೆಣಸು, ಅವರೆ ಬೇಯಿಸಿ ಕಿಮಂಗಾ ಕಲಸುತ್ತಿದ್ದೆ. ನಾನೂ ಬರಲೇ ಎಂದು ಕೇಳಿದ್ದಕ್ಕೆ ಅಜ್ಜ ನಗುತ್ತ "ನೀನ್ಯಾಕಮ್ಮ ಬಿಸಿಲಲ್ಲಿ ಒದ್ದಾಡ್ತೀಯ? ಊಟ ತಣ್ಣಗಾಗುತ್ತೆ" ಎಂದರು. ಬಂಡೆಯ ಮೇಲೆ ಕೂತ ತಾವು ಎಲ್ಲವನ್ನೂ ನೋಡಿದಿರಿ, ಸರಿಯಾಗಿಯೇ ಅರ್ಥ ಮಾಡಿಕೊಂಡಿರಿ: ಈ ಹೊಲಕ್ಕೆ ಎಂಟು ಜನ ಒಡೆಯರು, ಒಬ್ಬಳು ಅಡುಗೆಯವಳು.

ಬಬೂನ್ ಕಾಟ ಉಂಟೇ ಎಂದು ನಾನು ಕೇಳಿದ್ದೆ. ಅಜ್ಜ ಎದೆ ಮುಟ್ಟಿಕೊಂಡು "ನಲವತ್ತು ವರ್ಷ ಆಯ್ತು ತಾಯಿ, ಒಂದೇ ಒಂದು ಬಬೂನ್ ಈ ಹೊಲಕ್ಕೆ ಕಾಲಿಟ್ಟಿದ್ದು ನಾನು ಕಂಡಿಲ್ಲ" ಎಂದರು. ಸುಳ್ಳಲ್ಲ, ಅವರು ಕಂಡಿಲ್ಲ. ಆ ನಲವತ್ತು ವರ್ಷ ಹೊಲ ಕಾದವಳು ಅವರ ಹೆಂಡತಿಯಂತೆ. ಪಕ್ಕದ ಹೊಲದ ಹೆಂಗಸು ಮಾಮಾ ಚಾವೊ, ಎಂದರೆ ಚಾವೊನ ತಾಯಿ, ಇದನ್ನು ನನಗೆ ಹೇಳಿದ್ದು ಬಿತ್ತನೆ ಮುಗಿದ ಮೇಲೆ. "ಪಾಪ, ಸಾಯೋ ತನಕ ಬಬೂನ್ ಬಬೂನ್ ಅಂತಿದ್ಲು, ಟೀಚರಮ್ಮ. ಅಜ್ಜ ಬಂದು ನೋಡೋರು, ಒಂದೂ ಇರ್ತಿರಲಿಲ್ಲ. ನಿಂಗೆ ಕಣ್ಣು ಮಂಜು ಅಂತ ಬೈಯೋರು." ಮೊದಲೇ ಹೇಳಬಾರದಿತ್ತೇ ಎಂದು ನಾನು ಸಿಡಿಮಿಡಿಗೊಂಡರೆ, "ನಮ್ಮನ್ನ ಯಾರು ಕೇಳಿದ್ರು?" ಎಂದಳು.

ತಮ್ಮ ಶಿಸ್ತನ್ನು ಮಾತ್ರ ಹೊಗಳದೆ ಇರಲಾರೆ. ಸಮಯಪಾಲನೆಯಲ್ಲಿ ನನ್ನ ಶಾಲೆಯ ಮೇಷ್ಟ್ರುಗಳು ತಮ್ಮ ಹತ್ತಿರಕ್ಕೂ ಬರುವುದಿಲ್ಲ. ಮೊದಲು ತಾವು, ಆಮೇಲೆ ಮಡದಿಯರು, ಕೊನೆಗೆ ಮರಿಗಳು ಎಂದು ಸಾಲಾಗಿ ಇಳಿದು, ಎಳೆಯದನ್ನು ಬಿಟ್ಟು ಹಾಲು ತುಂಬಿದ ತೆನೆಯನ್ನೇ ಆರಿಸಿ, ನಾನು ಎಸೆದ ಕಲ್ಲು ಪಕ್ಕಕ್ಕೆ ಬಿದ್ದರೆ ಅದನ್ನು ಎತ್ತಿ ಮೂಸಿ ನೋಡಿ, ತಿನ್ನುವಂಥದ್ದಲ್ಲವೆಂದು ಕೆಳಗಿಡುತ್ತೀರಿ. ಆದರೆ ಮಾನ್ಯರೇ, ಶುಕ್ರವಾರ ಸಂಜೆ ನನ್ನ ಪತಿ ಬಸ್ಸಿಳಿದರೆ ತಾವು ಬಂಡೆ ಬಿಟ್ಟು ಅಲುಗುವುದಿಲ್ಲ. ಅವರು ಇಲ್ಲಿ ಚಟುವಟಿಕೆಯಿಂದಿದ್ದದ್ದು ಮೂರೇ ವಾರ. ಆಮೇಲೆ ಏನೋ ಕೆಲಸವಿದೆಯೆಂದು ಮೊಂಬಾಸಾಕ್ಕೆ ಹೋಗಿ, ಗೆಳೆಯರೊಂದಿಗೆ ಬಾಟಲಿ ಮುಚ್ಚಳದ ಕಾಯಿಗಳಲ್ಲಿ ಚೌಕದಾಟ ಆಡುತ್ತ ಕೂರುವ ಅಭ್ಯಾಸ ಮತ್ತೆ ಹತ್ತಿಕೊಂಡಿತು. ವಾರಕ್ಕೆರಡು ದಿನ ಬಂದು, ಬೂಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು "ಎಲ್ಲಿದಾವೆ ನಿನ್ನ ಕೋತಿಗಳು? ನಿನ್ನ ಪಾಠಕ್ಕೆ ಹೆದರಿ ತೆನೆಗಳೇ ಓಡಿಹೋಗಿರಬೇಕು ಕಣೇ" ಎಂದು ಹಾಸ್ಯ ಮಾಡುತ್ತಿದ್ದರು.

ಹಾಸ್ಯ ಬಹಳ ದಿನ ನಡೆಯಲಿಲ್ಲ. ಹನ್ನೊಂದು ಸಾಲು ಬೋಳಾದ ವಾರ ಅವರು "ನೋಡು, ಈ ಸಲದ ಬೆಳೆ ಮನೆ ಸೇರಿದ್ರೆ ಇರೋಣ. ಇಲ್ಲಾಂದ್ರೆ ಹೊಲ ಅಜ್ಜನಿಗೇ ವಾಪಸ್ ಕೊಟ್ಟು ಮೊಂಬಾಸಾಗೆ ಹೋಗಿಬಿಡೋಣ" ಎಂದರು. ಸಿಟ್ಟಿನ ಭರದಲ್ಲಿ ಆಗಲಿ ಎಂದು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ನಾನು. ಅಜ್ಜ ಮರುದಿನವೇ ಕಾಗದ ಬರೆಸಿ ತಂದಿಟ್ಟು ಹೋದರು. ನನ್ನ ರುಜುವೊಂದೇ ಬಾಕಿ. ಅಂದು ಒಲೆಯ ಮುಂದೆ ಕೂತು ಅತ್ತೆ, ಮಾನ್ಯರೇ. ಹೊಗೆಯಿಂದಲ್ಲ.

ಮರುದಿನ ಪತಿಯ ಪ್ಯಾಂಟು, ಕೋಟು, ಟೋಪಿ ತೊಟ್ಟು ಹೊಲಕ್ಕಿಳಿದೆ. ತಾವು ಎರಡು ದಿನ ದಿಕ್ಕೆಟ್ಟು ಓಡಿದಿರಿ, ನಾನು ಗೆದ್ದೆನೆಂದು ಹಿಗ್ಗಿದೆ. ಮೂರನೆಯ ದಿನ ತಾವು ತಲೆ ಓರೆ ಮಾಡಿ ನನ್ನ ನಡಿಗೆಯನ್ನು ಪರೀಕ್ಷಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ, ಮೂವತ್ತನಾಲ್ಕು ವರ್ಷದ ಚಾಳಿ, "ಏಯ್! ಸಾಲಾಗಿ ನಿಂತ್ಕೊಳ್ರೋ!" ಎಂದು ಬಾಯಿಬಿಟ್ಟೆ. ಅಷ್ಟೇ. ತಮ್ಮ ಪರಿವಾರ ನಿರಾಳವಾಗಿ ವಾಪಸಾಯಿತು, ತಾವು ನನಗೆ ಬೆನ್ನು ತಿರುಗಿಸಿ ಕೂತು ಊಟ ಮುಂದುವರಿಸಿದಿರಿ.

ಹಾಗೆ ಬೆನ್ನು ನೋಡುತ್ತ ನಿಂತಾಗಲೇ ನನಗೆ ಹೊಳೆದದ್ದು. ಮುಂದಿನ ಶನಿವಾರ ಪತಿಯ ಹಾಸ್ಯ ಶುರುವಾಗುವ ಮೊದಲೇ ಹೇಳಿದೆ: "ನೋಡಬೇಕಾ ಅವನ್ನ? ಹಾಗಾದ್ರೆ ನನ್ನ ಲೆಸೊ ಉಟ್ಟುಕೊಂಡು ಕಳೆ ಕೀಳಿ. ಏನೇ ಆಗ್ಲಿ, ಬಾಯಿ ತೆಗೀಬಾರದು." ಅವರು ನಕ್ಕರು. ಪಂದ್ಯವೆಂದರೆ ಬಿಡುವವರಲ್ಲ, ಒಪ್ಪಿದರು. ಇಲ್ಲಿನ ಹೆಂಗಸರಷ್ಟೇ ಸುತ್ತಿಕೊಳ್ಳುವ ಬಟ್ಟೆ, ನನ್ನ ಹಳದಿ ಲೆಸೊ ಜೋಡಿಯನ್ನು ಸೊಂಟಕ್ಕೊಂದು, ಹೆಗಲಿಗೊಂದು ಸುತ್ತಿ, ಮೀಸೆ ಮುಚ್ಚುವಂತೆ ತಲೆಬಟ್ಟೆ ಕಟ್ಟಿ ಕಳಿಸಿದೆ. ನಾನೂ ಮಾಮಾ ಚಾವೊಳೂ ಕಿಟಕಿಯಲ್ಲಿ ನಿಂತೆವು. ನಗು ತಡೆಯಲಾರದೆ ಅವಳು ಕಿಟಕಿಯ ಸರಳು ಕಚ್ಚಿಕೊಂಡಿದ್ದಳು.

ಮುಂದಿನದು ತಮಗೆ ನೆನಪಿರಲಾರದು, ಏಕೆಂದರೆ ತಮ್ಮ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಪರಿವಾರವೆಲ್ಲ ಇಳಿಯಿತು. ತಾವು ನನ್ನ ಪತಿಯಿಂದ ಎರಡು ಮಾರು ದೂರದಲ್ಲಿ ಕುಕ್ಕರಿಸಿ ತೆನೆಯ ಸಿಪ್ಪೆ ಸುಲಿದಿರಿ. ಹಡಗಿನಿಂದ ಲಾರಿಗಳನ್ನೇ ಎತ್ತಿಳಿಸಿದ ಆ ಆಸಾಮಿ ಗುದ್ದಲಿ ಎತ್ತಿದರು. ತಾವು ಒಮ್ಮೆ ಅವರ ಮುಖ ನೋಡಿದಿರಿ, ಹುಬ್ಬು ಕುಣಿಸಿದಿರಿ, ಮತ್ತೆ ತಿನ್ನತೊಡಗಿದಿರಿ. ಮಾಮಾ ಚಾವೊ ನಗುವುದನ್ನು ನಿಲ್ಲಿಸಿದಳು.

ಅವರು ಬಂದು ಲೆಸೊ ಬಿಚ್ಚದೆ ಮೆಟ್ಟಿಲ ಮೇಲೆ ಕೂತರು. "ಗುದ್ದಲಿ ಎತ್ತಿದೆ ವಾಕೇಶೊ. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ತಿಂತಿತ್ತು ಕಣೇ" ಎಂದರು. ನಾನು ಹೇಳಿದೆ: "ಗಡಿ ನಡೆಯೋ ದಿನ ನೀವು ಎಂಟೂ ಜನ ಹಾಡ್ಕೊಂಡು ನನ್ನ ಮುಂದೇನೇ ಹಾದುಹೋದ್ರಲ್ಲ, ಆವತ್ತು ನನಗೂ ಹಾಗೇ ಅನಿಸಿತ್ತು." ಭಾನುವಾರದ ಬಸ್ಸು ಬಂದು ಹಾರನ್ ಹೊಡೆದು ಹೋಯಿತು, ಇವರು ಹತ್ತಲಿಲ್ಲ.

ಅಂದಿನಿಂದ ಕೊಯ್ಲಿನವರೆಗೆ ಅವರು ಹೊಲದಲ್ಲೇ ಇದ್ದರು, ಉಳಿದ ಹದಿನೇಳು ಸಾಲು ನಿನ್ನೆ ಮನೆ ಸೇರಿತು. ಇಂದು ಬೆಳಿಗ್ಗೆ ಅಜ್ಜ ಪೆನ್ನು ಹಿಡಿದು ಬಾಗಿಲಿಗೆ ಬಂದು ನನ್ನನ್ನೇ "ಯಜಮಾನ್ರು ಇದ್ದಾರೇನಮ್ಮ?" ಎಂದು ಕೇಳಿದರು. ಜೋಳ ಬಿಡಿಸುತ್ತ ಕೂತಿದ್ದ ನನ್ನ ಪತಿ ತಲೆ ಎತ್ತದೆ, "ನಿಮ್ಮ ಎದುರಿಗೇ ನಿಂತಿದಾಳಲ್ಲ ಅಜ್ಜ. ಏನಿದ್ರೂ ಅವಳನ್ನೇ ಕೇಳಿ" ಎಂದರು. ನಾನು ಅಜ್ಜನ ಕಾಗದದಿಂದಲೇ ಒಲೆ ಹೊತ್ತಿಸಿ ಅವರಿಗೆ ಚಹಾ ಕಾಸಿಕೊಟ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇಷ್ಟೇ. ಮುಂದಿನ ಬಿತ್ತನೆಗೂ ಮೊದಲು ಗಡಿಯ ಸುತ್ತ ಮತ್ತೊಮ್ಮೆ ನಡೆಯುವುದೆಂದು ನಿಶ್ಚಯವಾಗಿದೆ. ಈ ಸಲ ಮುಂದೆ ನಾನು, ಹಿಂದೆ ಮಾಮಾ ಚಾವೊ, ಅಡುಗೆಗೆ ಎಂಟು ಜನ ಗಂಡಸರು. ತಾವು ಸಕುಟುಂಬ ಬಂಡೆಯ ಮೇಲೆ ಹಾಜರಿದ್ದು ನನ್ನ ಮುಖವನ್ನು ಗುರುತಿಟ್ಟುಕೊಳ್ಳತಕ್ಕದ್ದು. ಆಮೇಲೂ ಹೊಲಕ್ಕೆ ಬರಲೇಬೇಕೆನಿಸಿದರೆ ಮೂರು ದಿನ ಮುಂಚಿತವಾಗಿ ರಜಾ ಅರ್ಜಿಯ ನಮೂನೆಯಲ್ಲೇ ಬರೆದು ಕೊಡತಕ್ಕದ್ದು. ಅರ್ಜಿಯಲ್ಲಿ ಮಡದಿಯರ ರುಜುವೂ ಇರಬೇಕು.

ತಮ್ಮ ವಿಶ್ವಾಸಿ,
ತಾವು ಒಪ್ಪಲಿ ಬಿಡಲಿ, ಈ ಹೊಲದ ಒಡತಿ
ವಾಕೇಶೊ ಮಘಂಗಾ

ತಾ. ಕ.: ಚಹಾ ಕುಡಿಯುತ್ತ ಮ್ವಾದಿಮೆ ಅಜ್ಜ, ನಲವತ್ತು ವರ್ಷದಲ್ಲಿ ತಾನು ಬಬೂನ್ ಕಂಡೇ ಇಲ್ಲವೆಂದು ಮತ್ತೆ ಹೇಳಿದರು. ನನ್ನ ಪತಿ ಎದ್ದುಹೋಗಿ ಹಳದಿ ಲೆಸೊವನ್ನು ತಂದು ಅವರ ಮಡಿಲಲ್ಲಿಟ್ಟರು. ಅಜ್ಜ ಮುಂದಿನ ಶನಿವಾರ ಅದನ್ನುಟ್ಟು, ಉದುರಿದ ತೆನೆ ಆಯಲು ಹೊಲಕ್ಕೆ ಬರುತ್ತಾರೆ. ಎಂದಿನಂತೆ ತಾವು ಅವರನ್ನು ನೋಡಿಯೂ ನೋಡದಂತೆ ಇರಬೇಕಾಗಿ ಕೋರುತ್ತೇನೆ. ಅವರ ಹೆಂಡತಿಯ ಪರವಾಗಿ.